ಅಜ್ಜಿಯ ಟ್ರಂಕಿನಲ್ಲಿ ಗೊತ್ತಿಲ್ಲದ ಹೆಸರು ಸಿಕ್ಕರೆ: ಮುಂಬೈ ಕನ್ನಡದ ಹುಡುಗಿಯರಿಗೆ ಒಂದು ಮಾರ್ಗದರ್ಶಿ

"ಟೀಚರ್, ಮನೆಯಲ್ಲಿ ಒಂದು ಹಳೆಯ ಕಾಗದ ಸಿಕ್ಕಿದೆ. ಅದರಲ್ಲಿರುವ ಹೆಸರು ಯಾರದು ಅಂತ ಕೇಳಿದರೆ ಎಲ್ಲರೂ ಮಾತು ಬದಲಾಯಿಸುತ್ತಾರೆ. ಏನು ಮಾಡಲಿ?"

ಮುಂಬೈಯ ಕನ್ನಡ ಶಾಲೆಯಲ್ಲಿ ಪಾಠ ಮಾಡುವಾಗಲೂ ಈ ಪ್ರಶ್ನೆ ಬರುತ್ತಿತ್ತು. ನಿವೃತ್ತಿಯ ಮೇಲೂ ನಿಂತಿಲ್ಲ. ವಂಶವೃಕ್ಷದ ಪ್ರಾಜೆಕ್ಟ್ ಕೊಟ್ಟ ವಾರ ಜಾಸ್ತಿ. ಕೇಳುವವರು ಹೆಚ್ಚಾಗಿ ಎಂಟು, ಒಂಬತ್ತು, ಹತ್ತನೇ ಕ್ಲಾಸಿನ ಹುಡುಗಿಯರು. ಹಾಗಾಗಿ ಇಲ್ಲಿ ನೀನು ಎಂದೇ ಬರೆಯುತ್ತೇನೆ. ದೊಡ್ಡವರು ಓದುತ್ತಿದ್ದರೆ, ಮಗಳ ಪಕ್ಕ ಕೂತು ಓದಿ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಮನೆಯವರು ಮುಚ್ಚಿಟ್ಟಿದ್ದಾರೆ ಎಂದು ನಿನಗೆ ಅನಿಸುವುದರಲ್ಲಿ ಎಷ್ಟೋ ಸಂಗತಿ ಮುಚ್ಚಿಟ್ಟದ್ದೇ ಅಲ್ಲ. ಊರಿನ ಪದ್ಧತಿ ಬೇರೆ, ಮುಂಬೈಯ ಪದ್ಧತಿ ಬೇರೆ. ಎರಡೂ ಒಂದೇ ಕಾಗದದಲ್ಲಿ ಬಂದಾಗ ಗುಟ್ಟಿನ ಹಾಗೆ ಕಾಣುತ್ತದೆ. ಇನ್ನು ನಿಜವಾಗಿ ಮುಚ್ಚಿಟ್ಟ ಸಂಗತಿ ಇದ್ದರೆ, ಅದರ ಹಿಂದೆ ನೋವು ತಿಂದ ಒಬ್ಬರು ಇರುತ್ತಾರೆ. ಅವರು ನಿನ್ನ ಜೊತೆ ಒಂದೇ ಖೋಲಿಯಲ್ಲಿ ಮಲಗುವವರೂ ಆಗಿರಬಹುದು. ಕೆಳಗಿನ ಒಂದೊಂದು ಹೆಜ್ಜೆ ಇಡುವಾಗಲೂ ಈ ಎರಡು ಮಾತು ತಲೆಯಲ್ಲಿರಲಿ.

ಬೇಕಾಗುವ ಸಾಮಾನು

ಎರಡು ನೋಟ್‌ಬುಕ್, ಮೆತ್ತನೆಯ ಪೆನ್ಸಿಲ್, ಕೆಲವು ಬಿಳಿ ಹಾಳೆ, ಒಂದು ಲಕೋಟೆ, ಫೋಟೋ ತೆಗೆಯಲು ಫೋನು. ಜೊತೆಗೆ ನಂಬಿಕೆಯ ಒಬ್ಬ ದೊಡ್ಡವರು. ಅಮ್ಮ, ಸೋದರಮಾವ, ಅತ್ತೆ, ಯಾರಾದರೂ ಸರಿ. ಮುಂದೆ ಕಚೇರಿಗಳಿಗೆ ಅರ್ಜಿ ಕೊಡುವುದು ಬರುತ್ತದೆ. ಅದಕ್ಕೆ ದೊಡ್ಡವರ ಸಹಿ ಬೇಕಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಭಾರವಾದದ್ದು ಏನಾದರೂ ಸಿಕ್ಕ ದಿನ ನೀನು ಒಬ್ಬಳೇ ಇರಬಾರದು.

1. ಸಿಕ್ಕದ್ದನ್ನು ಇದ್ದ ಹಾಗೇ ಇಡು

ಕಾಗದ ಯಾವ ಕಟ್ಟಿನಲ್ಲಿತ್ತು, ಅದರ ಮೇಲೆ ಏನಿತ್ತು, ಕೆಳಗೆ ಏನಿತ್ತು ಎಂದು ಮೊದಲು ಬರೆದುಕೋ. ಒಂದೇ ದಾರದಲ್ಲಿ ಕಟ್ಟಿದ ಕಾಗದಗಳಿಗೆ ತಮ್ಮೊಳಗೆ ಸಂಬಂಧ ಇರುತ್ತದೆ. ಕಟ್ಟು ಬಿಚ್ಚಿ ಬೆರೆಸಿಬಿಟ್ಟರೆ ಆ ಸುಳಿವು ಹೋಯಿತು.

ಕಿಟಕಿಯ ಹತ್ತಿರ ಹಗಲು ಬೆಳಕಿನಲ್ಲಿ, ಬಿಳಿ ಹಾಳೆಯ ಮೇಲಿಟ್ಟು ಫೋಟೋ ತೆಗೆ. ಹಿಂಬದಿಯನ್ನೂ ತೆಗೆ. ಇದನ್ನು ಹತ್ತರಲ್ಲಿ ಎಂಟು ಮಂದಿ ಮರೆಯುತ್ತಾರೆ. ಫೋಟೋ ಸ್ಟುಡಿಯೋದ ಮುದ್ರೆ, ಅಂಚೆಯ ಠಸ್ಸೆ, ಯಾರೋ ಗೀಚಿದ ಲೆಕ್ಕ ಎಲ್ಲ ಹಿಂಬದಿಯಲ್ಲೇ ಇರುತ್ತವೆ.

ಹರಿದದ್ದಕ್ಕೆ ಸೆಲೋ ಟೇಪ್ ಹಚ್ಚಬೇಡ. ಲ್ಯಾಮಿನೇಷನ್ ಅಂತೂ ಮಾಡಿಸಲೇಬೇಡ. ಪ್ಲಾಸ್ಟಿಕ್ ಒಳಗೆ ಬಿಸಿಯಲ್ಲಿ ಅಂಟಿದ ಹಳೆಯ ಕಾಗದವನ್ನು ಆಮೇಲೆ ಬಿಡಿಸಲು ಆಗುವುದಿಲ್ಲ. ಮೂಲ ಕಾಗದವನ್ನು ಶಾಲೆಗೆ ಒಯ್ಯಬೇಡ. ಫೋಟೋವನ್ನು ಮನೆಯವರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ "ಇದು ಯಾರು?" ಎಂದು ಕೇಳಲೂ ಬೇಡ. ಅದು ಒಂದು ಗಂಟೆಯೊಳಗೆ ದುಬೈಯಿಂದ ಊರಿನ ತನಕ ತಲುಪಿರುತ್ತದೆ. ಹಿಂದೆ ತೆಗೆದುಕೊಳ್ಳಲು ಆಗುವುದಿಲ್ಲ.

2. ಕಾಗದದ ಕಾಲ ಕಂಡುಹಿಡಿ

ಇದು ನನಗೆ ತುಂಬ ಇಷ್ಟದ ಹೆಜ್ಜೆ. ತಾರೀಕು ಇಲ್ಲದ ಕಾಗದ ಕೂಡ ತನ್ನ ವಯಸ್ಸು ಹೇಳುತ್ತದೆ.

ವಿಳಾಸ ನೋಡು. ಆರು ಅಂಕೆಯ ಪಿನ್ ಕೋಡ್ ಇದ್ದರೆ ಅದು 15 ಆಗಸ್ಟ್ 1972ರ ನಂತರದ ಪತ್ರ. ಅದಕ್ಕೆ ಮೊದಲು ಬೊಂಬಾಯಿ-19, ಬೊಂಬಾಯಿ-12 ಎಂದು ಬರೆಯುತ್ತಿದ್ದರು. ಆ ಅಂಕೆಗಳೇ ಮುಂದೆ ಪಿನ್ ಕೋಡಿನ ಕೊನೆಗೆ ಸೇರಿದವು. 19 ಎಂದರೆ ಇಂದಿನ 400019, ಮಾಟುಂಗ. 12 ಎಂದರೆ 400012, ಪರೇಲ್ ಕಡೆ. ಹೀಗೆ ನಿನ್ನ ಮನೆಯವರು ಮೊದಲು ಎಲ್ಲಿದ್ದರು ಎಂದು ತಿಳಿಯುತ್ತದೆ. ಆದರೆ ಪಿನ್ ಬಂದ ಮೇಲೂ ಎಷ್ಟೋ ವರ್ಷ ಜನ ಹಳೆಯ ಅಭ್ಯಾಸ ಬಿಡಲಿಲ್ಲ. ಹಾಗಾಗಿ ಪಿನ್ ಇಲ್ಲ ಎಂದ ಮಾತ್ರಕ್ಕೆ 1972ಕ್ಕಿಂತ ಹಳೆಯದು ಎಂದು ಹೇಳಬೇಡ.

ಹಣದ ಲೆಕ್ಕ ನೋಡು. ರೂಪಾಯಿ, ಆಣೆ, ಪೈ ಎಂದಿದ್ದರೆ ಬಹುಶಃ 1 ಏಪ್ರಿಲ್ 1957ಕ್ಕಿಂತ ಹಿಂದಿನದು. ಆ ದಿನ ನಯೇ ಪೈಸೆ, ಅಂದರೆ ನೂರು ಪೈಸೆಗೆ ಒಂದು ರೂಪಾಯಿ ಎಂಬ ಲೆಕ್ಕ ಬಂತು.

ರಾಜ್ಯದ ಹೆಸರು ನೋಡು. ದಕ್ಷಿಣ ಕನ್ನಡ 1 ನವೆಂಬರ್ 1956ರ ತನಕ ಮದ್ರಾಸಿಗೆ ಸೇರಿತ್ತು. ಉಡುಪಿ, ಕಾರ್ಕಳ, ಕುಂದಾಪುರ ಎಲ್ಲ ಅದರೊಳಗೆ. ಉತ್ತರ ಕನ್ನಡ, ಧಾರವಾಡ, ಬೆಳಗಾವಿ, ಬಿಜಾಪುರ ಅದೇ ದಿನದ ತನಕ ಮುಂಬೈ ಕಡೆಗಿದ್ದವು. ಆಮೇಲೆ ಎಲ್ಲವೂ ಮೈಸೂರು ರಾಜ್ಯ. ಕರ್ನಾಟಕ ಎಂಬ ಹೆಸರು 1 ನವೆಂಬರ್ 1973ರಿಂದ. ಇದು ಬರೀ ಕಾಲ ಹೇಳುವುದಕ್ಕಲ್ಲ. ಹಳೆಯ ಸರಕಾರಿ ದಾಖಲೆ ಯಾವ ಭಾಷೆಯಲ್ಲಿರಬಹುದು, ಎಲ್ಲಿ ಇರಬಹುದು ಎನ್ನುವುದಕ್ಕೂ ಇದೇ ಸುಳಿವು.

ಸಂವತ್ಸರದ ಹೆಸರು ಇದ್ದರೆ ಹುಷಾರು. ಜಾತಕದಲ್ಲಿ, ಊರಿನ ಪತ್ರದಲ್ಲಿ ಪ್ರಭವ, ವಿಭವ ಎಂದು ಬರೆದಿರುತ್ತಾರೆ. ಇವು 60 ವರ್ಷಕ್ಕೊಮ್ಮೆ ತಿರುಗಿ ಬರುವ ವರ್ಷದ ಹೆಸರುಗಳು. ಪ್ರಭವ 1927ರ ಯುಗಾದಿಗೂ ಶುರುವಾಗಿದೆ, 1987ರ ಯುಗಾದಿಗೂ ಶುರುವಾಗಿದೆ. ಒಂದು ಸುತ್ತು ತಪ್ಪಿದರೆ ಮುತ್ತಜ್ಜಿ ಅಜ್ಜಿಗಿಂತ ಚಿಕ್ಕವಳಾಗಿಬಿಡುತ್ತಾಳೆ! ಶಾಲಿವಾಹನ ಶಕ ಎಂದು ಅಂಕೆ ಇದ್ದರೆ ಅದಕ್ಕೆ 78 ಕೂಡಿಸು. ವರ್ಷದ ಕೊನೆಯ ತಿಂಗಳುಗಳಾದರೆ 79 ಆಗಬಹುದು. ತುಳುನಾಡಿನ ಪತ್ರದಲ್ಲಿ ಆಟಿ, ಸೋಣ, ಪಗ್ಗು ಎಂದು ತಿಂಗಳು ಬರೆದಿದ್ದರೆ ಅದು ಸೌರಮಾನ, ಅಂದರೆ ಸೂರ್ಯನ ಲೆಕ್ಕದ ತಿಂಗಳು. ಆಟಿ ಎಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದ ತನಕ.

ಇನ್ನು ಮನಿ ಆರ್ಡರ್. ಮುಂಬೈಯ ಹೋಟೆಲಿನಿಂದ, ಬಟ್ಟೆ ಗಿರಣಿಯಿಂದ ಊರಿಗೆ ದುಡ್ಡು ಹೋಗುತ್ತಿದ್ದುದೇ ಹೀಗೆ. ಫಾರ್ಮಿನ ಒಂದು ತುಂಡು ಕೂಪನ್. ಅದರಲ್ಲಿ ಎರಡು ಸಾಲು ಸುದ್ದಿ ಬರೆಯಬಹುದಿತ್ತು. ಅದು ದುಡ್ಡು ಪಡೆದವರ ಹತ್ತಿರ ಉಳಿಯುತ್ತಿತ್ತು. ಇನ್ನೊಂದು ತುಂಡು ಸ್ವೀಕೃತಿ ರಸೀದಿ. ಪಡೆದವರ ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಹೊತ್ತು ಅದು ಕಳಿಸಿದವರಿಗೆ ವಾಪಸ್ ಬರುತ್ತಿತ್ತು. ನಿನ್ನ ಕೈಯಲ್ಲಿರುವುದು ಯಾವ ತುಂಡು ಎಂದು ನೋಡು. ನಿಮ್ಮ ಮನೆ ದುಡ್ಡು ಕಳಿಸಿದ್ದೋ ಪಡೆದದ್ದೋ ಎಂದು ಅಷ್ಟರಲ್ಲೇ ಗೊತ್ತಾಗುತ್ತದೆ.

ಬೆಳಗಾವಿ, ಧಾರವಾಡ ಕಡೆಯ ಹಳೆಯ ಕಾಗದದಲ್ಲಿ ಅರ್ಥವಾಗದ, ಕೈ ಎತ್ತದೆ ಬರೆದಂಥ ಲಿಪಿ ಇದ್ದರೆ ಅದು ಮೋಡಿ ಇರಬಹುದು. ಹಿಂದೆ ಲೆಕ್ಕಪತ್ರಕ್ಕೆ ಬಳಸುತ್ತಿದ್ದ ಲಿಪಿ ಅದು. ಸುಮ್ನೆ ಊಹೆ ಮಾಡಬೇಡ. ಮುಂಬೈಯಲ್ಲೂ ಪುಣೆಯಲ್ಲೂ ಮೋಡಿ ಓದುವವರು ಇದ್ದಾರೆ. ಪುಣೆಯ ಭಾರತ ಇತಿಹಾಸ ಸಂಶೋಧಕ ಮಂಡಳವು 1910ರಿಂದ ಇಂಥ ಕಾಗದಗಳ ಕೆಲಸವನ್ನೇ ಮಾಡುತ್ತಿದೆ.

3. ಅಜ್ಜಿಯ ಹತ್ತಿರ ಕೇಳು. ಆದರೆ ಹೀಗೆ ಕೇಳು

ನನ್ನದೊಂದು ತಪ್ಪು ಹೇಳುತ್ತೇನೆ. ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಲಾಲ್‌ಬಾಗಿನ ನಮ್ಮ ಚಾಳಿನ ಖೋಲಿಯಲ್ಲಿ ಮನಿ ಆರ್ಡರ್ ರಸೀದಿಗಳ ಒಂದು ಕಟ್ಟು ಸಿಕ್ಕಿತು. ಎಲ್ಲದರಲ್ಲೂ ಒಬ್ಬಳೇ ಹೆಂಗಸಿನ ಹೆಬ್ಬೆಟ್ಟು. ಚೌತಿಯ ದಿನ, ನೆಂಟರೆಲ್ಲ ಊಟಕ್ಕೆ ಕೂತಾಗ, "ಇವರು ಯಾರು ಅಜ್ಜಿ?" ಎಂದು ಗಟ್ಟಿಯಾಗಿ ಕೇಳಿದೆ. ಅಜ್ಜಿ ಬಡಿಸುತ್ತಿದ್ದ ಸೌಟು ಇಟ್ಟು ಹೊರಗೆ ಗ್ಯಾಲರಿಗೆ ಹೋದರು. ಆಮೇಲೆ ಅವರು ಬದುಕಿರುವ ತನಕ ಆ ಮಾತು ನಮ್ಮ ಮನೆಯಲ್ಲಿ ಬರಲಿಲ್ಲ. ಉತ್ತರ ಸಿಕ್ಕಿತು, ಆದರೆ ಬೇರೆಯವರಿಂದ, ಅವರು ತೀರಿಕೊಂಡ ಮೇಲೆ. ಅವರೇ ಹೇಳಬಹುದಾಗಿದ್ದ ಎಷ್ಟೋ ಸಂಗತಿ ಅವರ ಜೊತೆಗೇ ಹೋಯಿತು.

ಅದಕ್ಕೆ, ಮಗಳೇ, ಒಬ್ಬರೇ ಇರುವಾಗ ಕೇಳು. ಅವರ ಕೈಗೆ ಕೆಲಸ ಇರುವ ಹೊತ್ತು ಒಳ್ಳೆಯದು. ಹೂವು ಕಟ್ಟುವಾಗ, ಬೆಳ್ಳುಳ್ಳಿ ಸುಲಿಯುವಾಗ, ಅಕ್ಕಿ ಆರಿಸುವಾಗ. ಮುಖಕ್ಕೆ ಮುಖ ಕೊಟ್ಟು ಕೂತರೆ ವಿಚಾರಣೆ ಆಗುತ್ತದೆ. ಪಕ್ಕ ಕೂತು ನೀನೂ ನಾಲ್ಕು ಎಸಳು ಸುಲಿದರೆ ಮಾತು ತಾನೇ ಬರುತ್ತದೆ.

"ಯಾಕೆ ಮುಚ್ಚಿಟ್ಟಿರಿ?" ಎಂಬ ಪ್ರಶ್ನೆ ಬೇಡವೇ ಬೇಡ. ವಸ್ತುಗಳ ಬಗ್ಗೆ ಕೇಳು, ಜಾಗಗಳ ಬಗ್ಗೆ ಕೇಳು. ಮುಂಬೈಗೆ ಮೊದಲು ಬಂದದ್ದು ಹಡಗಿನಲ್ಲೋ ಬಸ್ಸಿನಲ್ಲೋ? (ಕೊಂಕಣ ರೈಲು ಪೂರ್ತಿ ಓಡತೊಡಗಿದ್ದು 1998ರಲ್ಲಿ.) ಇಳಿದಾಗ ಕರೆಯಲು ಬಂದವರು ಯಾರು? ಒಂದು ಖೋಲಿಯಲ್ಲಿ ಎಷ್ಟು ಮಂದಿ ಇದ್ದಿರಿ? ನೀರು ಎಷ್ಟು ಗಂಟೆಗೆ ಬರುತ್ತಿತ್ತು? ಗಿರಣಿಯ ಮುಷ್ಕರದಲ್ಲಿ ಮನೆ ಹೇಗೆ ನಡೆಯಿತು? 18 ಜನವರಿ 1982ರಂದು ದತ್ತಾ ಸಾಮಂತರ ಮುಂದಾಳತ್ವದಲ್ಲಿ ಶುರುವಾದ ಆ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರಿದ್ದರು. ಎಷ್ಟೋ ಮನೆಗಳ ಸಾಲ, ಮಾರಿದ ಚಿನ್ನ, ಊರಿಗೆ ವಾಪಸ್ ಕಳಿಸಿದ ಮಕ್ಕಳು, ನಿಂತುಹೋದ ಓದು ಎಲ್ಲ ಆ ಕಾಲದ್ದು. ಇಂಥದ್ದನ್ನೂ ಜನ ನಾಚಿಕೆಯಿಂದ ಹೇಳುವುದಿಲ್ಲ.

ಅಜ್ಜಿ ಬೇಡ ಎಂದರೆ ಅಲ್ಲಿಗೇ ನಿಲ್ಲಿಸು. "ಆಯ್ತು ಅಜ್ಜಿ, ನಿಮಗೆ ಯಾವಾಗ ಅನಿಸುತ್ತದೋ ಆಗ ಹೇಳಿ" ಎಂದು ಹೇಳಿ ಎದ್ದುಬಿಡು. ರೆಕಾರ್ಡ್ ಮಾಡುವುದಾದರೆ ಕೇಳಿಯೇ ಮಾಡು. ಕದ್ದು ಮಾಡಿದ್ದು ಗೊತ್ತಾದರೆ ನಂಬಿಕೆ ಹೋಗುತ್ತದೆ.

4. ಹೆಸರಿನ ಗೊಂದಲ ಬಿಡಿಸು

ಜಾಸ್ತಿ ಮಂದಿ ಎಡವುವುದು ಇಲ್ಲೇ.

ಮದುವೆಯ ಹೆಸರು: ಮಹಾರಾಷ್ಟ್ರದಲ್ಲಿ ಮದುವೆಯಾದಾಗ ಹುಡುಗಿಯ ಸ್ವಂತ ಹೆಸರನ್ನೇ ಬದಲಾಯಿಸುವ ರೂಢಿ ಇತ್ತು. ಇಲ್ಲಿ ನೆಲೆಸಿದ ನಮ್ಮವರಲ್ಲೂ ಕೆಲವು ಮನೆಗಳಲ್ಲಿ ಅದು ಬಂತು. ಊರಿನ ಶಾಲೆಯ ಗಿರಿಜಾ ಇಲ್ಲಿಯ ರೇಷನ್ ಕಾರ್ಡಿನಲ್ಲಿ ಸುನಂದಾ ಆಗಿರಬಹುದು. ಇಬ್ಬರು ಹೆಂಗಸರು ಎಂದು ತಿಳಿಯಬೇಡ.

ಅಡ್ಡಹೆಸರು: ಇಲ್ಲಿಯ ಫಾರ್ಮಿನಲ್ಲಿ ಸ್ವಂತ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಎಂದು ಮೂರು ಜಾಗ. ಅಡ್ಡಹೆಸರೇ ಇಲ್ಲದ ಊರಿನಿಂದ ಬಂದವರು ಮೂರನೆಯ ಜಾಗದಲ್ಲಿ ಊರಿನ ಹೆಸರೋ, ಮನೆಯ ಹೆಸರೋ, ಜಾತಿಯ ಹೆಸರೋ ಬರೆಸಿದರು. ಅಣ್ಣ ಒಂದು ಬರೆಸಿದ, ತಮ್ಮ ಇನ್ನೊಂದು ಬರೆಸಿದ. ಕೆಲವರು ಜಾತಿ ಕಾಣದಿರಲಿ ಎಂದು ಬೇಕೆಂದೇ ಬದಲಾಯಿಸಿಕೊಂಡರು. ಖೋಲಿ ಬಾಡಿಗೆಗೆ ಸಿಗಬೇಕು, ಅಡುಗೆ ಕೆಲಸ ಸಿಗಬೇಕು ಎಂದರೆ ಆಗ ಬೇರೆ ದಾರಿ ಇರಲಿಲ್ಲ. ಅದನ್ನು ಮೋಸ ಎಂದು ಓದಬೇಡ. ಅವರಿಗೆ ಹಾಗೆ ಮಾಡಬೇಕಾಗಿ ಬಂದ ಅವಮಾನವನ್ನು ಓದು.

ಅಳಿಯಸಂತಾನ: ತುಳುನಾಡಿನ ಬಂಟರು, ಬಿಲ್ಲವರು, ಮೊಗವೀರರು ಮುಂತಾದವರಲ್ಲಿ ಆಸ್ತಿ ಅಮ್ಮನ ಕಡೆಯಿಂದ ಬರುತ್ತಿತ್ತು. ಅದೇ ಅಳಿಯಸಂತಾನ. ಮನೆಯ ಯಜಮಾನ ಎಂದರೆ ಅಮ್ಮನ ಅಣ್ಣನೋ ತಮ್ಮನೋ. ಹಾಗಾಗಿ ಭೂಮಿಯ ಹಳೆಯ ಕಾಗದದಲ್ಲಿ ನಿನ್ನ ಮುತ್ತಜ್ಜನ ಹೆಸರು ಇಲ್ಲದೆ, ಮುತ್ತಜ್ಜಿಯ ಅಣ್ಣನ ಹೆಸರು ಇರುತ್ತದೆ. "ಅಜ್ಜನ ಹೆಸರನ್ನು ತೆಗೆದುಹಾಕಿದ್ದಾರೆ" ಎಂದು ಒಬ್ಬ ಹುಡುಗಿ ಅಳುತ್ತಾ ಬಂದಿದ್ದಳು. ಯಾರೂ ತೆಗೆದಿರಲಿಲ್ಲ. ಮೊದಲಿಂದಲೂ ಅದು ಅಲ್ಲಿ ಬರುವ ಹೆಸರೇ ಆಗಿರಲಿಲ್ಲ.

ಸಂಬಂಧದ ಮಾತು: ದೊಡ್ಡಮ್ಮ ಎಂದರೆ ಯಾರು? ಅಮ್ಮನ ಅಕ್ಕ ಇರಬಹುದು. ದೊಡ್ಡಪ್ಪನ ಹೆಂಡತಿ ಇರಬಹುದು. ಅಪ್ಪನ ಮೊದಲ ಹೆಂಡತಿಯೂ ಇರಬಹುದು. ನಮ್ಮ ಮನೆಯ ಹೆಬ್ಬೆಟ್ಟಿನ ಹೆಂಗಸು ಈ ಮೂರನೆಯವರು, ಅಂದರೆ ನಮ್ಮ ಅಜ್ಜನ ಮೊದಲ ಹೆಂಡತಿ. ಅಪ್ಪ ಅವರನ್ನು ದೊಡ್ಡಮ್ಮ ಎಂದೇ ಕರೆಯುತ್ತಿದ್ದರು. ನಾವು ಅಜ್ಜಿಯ ಅಕ್ಕ ಎಂದುಕೊಂಡಿದ್ದೆವು. ಅಂಥ ಮಾತು ಬಂದಾಗ "ಯಾರ ಮಗಳು, ಯಾವ ಮನೆಯವರು?" ಎಂದು ಬಿಡಿಸಿ ಕೇಳಿಕೋ.

ಹುಟ್ಟಿದ ದಿನ: ಹಳಬರ ಕಾಗದದಲ್ಲಿ ಜೂನ್ 1 ಇದ್ದರೆ ನಂಬಬೇಡ. ತಾರೀಕು ಗೊತ್ತಿಲ್ಲದ ಮಕ್ಕಳಿಗೆ ಶಾಲೆ ಶುರುವಾಗುವ ಹೊತ್ತಿನ ಆ ದಿನವನ್ನೇ ಮಾಸ್ತರರು ಬರೆದುಬಿಡುತ್ತಿದ್ದರು.

5. ಹೊರಗಿನ ದಾಖಲೆ ಹುಡುಕು

ದೊಡ್ಡವರ ಜೊತೆ ಹೋಗು. ಹತ್ತಿರದಿಂದ ಶುರು ಮಾಡು.

ಶಾಲೆ ಮೊದಲು. ಮಹಾರಾಷ್ಟ್ರದ ಶಾಲೆಗಳಲ್ಲಿ ಜನರಲ್ ರಿಜಿಸ್ಟರ್ ಎಂಬ ದಾಖಲಾತಿ ಪುಸ್ತಕ ಇರುತ್ತದೆ. ಮಗುವಿನ ಹೆಸರು, ಹುಟ್ಟಿದ ಊರು, ಹಿಂದಿನ ಶಾಲೆ, ಜಾತಿ ಎಲ್ಲ ಅದರಲ್ಲಿ ಸಿಗುತ್ತದೆ. ಹಗಲು ಹೋಟೆಲಿನಲ್ಲಿ ದುಡಿದು ಸಂಜೆ ಓದಿದ ನಮ್ಮ ಅಜ್ಜಂದಿರ ಹೆಸರು ಕನ್ನಡ ರಾತ್ರಿ ಶಾಲೆಗಳ ಪುಸ್ತಕದಲ್ಲಿರುತ್ತದೆ. ಶಾಲೆ ಮುಚ್ಚಿದ್ದರೆ ಅದನ್ನು ನಡೆಸಿದ ಸಂಸ್ಥೆಯನ್ನು ಕೇಳು.

ಜನನ ಮರಣದ ದಾಖಲೆ ಮುಂಬೈಯಲ್ಲಿ ಮಹಾನಗರಪಾಲಿಕೆಯ ವಾರ್ಡ್ ಕಚೇರಿಯಲ್ಲಿ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಅರ್ಜಿ, ಶುಲ್ಕ ಕೊಟ್ಟು ಹುಡುಕಿಸಬಹುದು. ಸಾವಿನ ದಾಖಲೆಯ ನಕಲಿನಲ್ಲಿ ಸಾವಿನ ಕಾರಣ ಕೊಡುವುದಿಲ್ಲ. ಅದು ಕಾನೂನಿನಲ್ಲೇ ಇದೆ. ಕಚೇರಿಯವರು ಏನೋ ಅಡಗಿಸುತ್ತಿದ್ದಾರೆ ಎಂದುಕೊಳ್ಳಬೇಡ.

ಸಂಘಗಳನ್ನು ಮರೆಯಬೇಡ. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದು, ಮಾಟುಂಗದ ಮೈಸೂರು ಅಸೋಸಿಯೇಷನ್ 1926ರದು. ಬಂಟರ ಸಂಘ, ಬಿಲ್ಲವರ ಅಸೋಸಿಯೇಷನ್, ಕರ್ನಾಟಕ ಸಂಘ ಎಲ್ಲ ಹಳೆಯವೇ. ಅವುಗಳ ಸ್ಮರಣ ಸಂಚಿಕೆ, ಗುಂಪು ಫೋಟೋಗಳಲ್ಲಿ ಸಿಗುವ ಮುಖ ಬೇರೆಲ್ಲೂ ಸಿಗುವುದಿಲ್ಲ.

ಊರಿನ ಭೂಮಿಯ ದಾಖಲೆ ಕೊನೆಗೆ. ಪಹಣಿ ಎಂದರೆ ಜಮೀನು ಯಾರದು, ಸಾಗುವಳಿ ಯಾರು ಮಾಡುತ್ತಾರೆ ಎಂದು ಹೇಳುವ ಪತ್ರ. ಈಗಿನದು ಕರ್ನಾಟಕ ಸರಕಾರದ "ಭೂಮಿ" ಎಂಬ ಜಾಲತಾಣದಲ್ಲಿ ಸಿಗುತ್ತದೆ. ಹಳೆಯ ಕೈಬರಹದ್ದನ್ನು ತಾಲೂಕು ಕಚೇರಿಯಲ್ಲಿ ಕೇಳು. ಎರಡು ಕಾಗದ ತುಂಬ ಹೇಳುತ್ತವೆ. ಒಂದು, ಪೌತಿ ಖಾತೆ. ಅಂದರೆ ಯಜಮಾನ ಸತ್ತ ಮೇಲೆ ವಾರಸುದಾರರ ಹೆಸರಿಗೆ ಖಾತೆ ಮಾಡಿದ ದಾಖಲೆ. ಅದರ ಜೊತೆಗಿನ ವಂಶವೃಕ್ಷದಲ್ಲಿ ಯಾರ ಹೆಸರಿದೆ, ಯಾರದ್ದು ಬಿಟ್ಟಿದೆ ಎರಡೂ ಸುಳಿವೇ. ಇನ್ನೊಂದು, ಭೂ ನ್ಯಾಯಮಂಡಳಿಯ ಕಡತ. 1 ಮಾರ್ಚ್ 1974ರಿಂದ ಗೇಣಿ ಜಮೀನು, ಅಂದರೆ ಧಣಿಗೆ ಪಾಲು ಕೊಟ್ಟು ಒಕ್ಕಲುಗಳು ಉಳುತ್ತಿದ್ದ ಜಮೀನು, ಸರಕಾರದ ವಶಕ್ಕೆ ಬಂದು, ಉಳುವವರು ಫಾರಂ 7ರಲ್ಲಿ ಅರ್ಜಿ ಹಾಕಿದರು. ನಿಮ್ಮವರು ಒಕ್ಕಲಾಗಿದ್ದರೋ ಧಣಿಯಾಗಿದ್ದರೋ ಎಂದು ಅದು ಹೇಳುತ್ತದೆ.

ಇಲ್ಲೊಂದು ದೊಡ್ಡ ಎಚ್ಚರಿಕೆ. ಜಮೀನಿನ ಕಾಗದ ಕೇಳಿದ ಕೂಡಲೇ ಊರಿನ ನೆಂಟರು "ಪಾಲು ಕೇಳಲು ಬಂದಿದ್ದಾರೆ" ಎಂದುಕೊಳ್ಳುತ್ತಾರೆ. ಅಪ್ಪ ಅಮ್ಮನಿಗೆ ಹೇಳದೆ ಈ ದಾರಿಗೆ ಹೋಗಲೇಬೇಡ.

ಮುಂಬೈ ಪ್ರಾಂತದ ಹಳೆಯ ಸರಕಾರಿ ಕಡತ ಬೇಕಾದರೆ ಮಹಾರಾಷ್ಟ್ರ ರಾಜ್ಯ ಪುರಾಭಿಲೇಖಾಗಾರ ಇದೆ. ಗೋವಾ ಮೂಲದ ಮನೆಯಾದರೆ ಪಣಜಿಯ ಪುರಾಭಿಲೇಖಾಗಾರ. ಅಲ್ಲಿಯ ಹಳೆಯದು ಹೆಚ್ಚಾಗಿ ಪೋರ್ಚುಗೀಸಿನಲ್ಲಿ. ಶಾಲಾ ಪ್ರಾಜೆಕ್ಟಿಗೆ ಅಷ್ಟು ದೂರ ಹೋಗುವ ಅಗತ್ಯ ಬೀಳುವುದಿಲ್ಲ.

6. ಭಾರವಾದದ್ದು ಸಿಕ್ಕರೆ

ಅಜ್ಜನಿಗೆ ಇನ್ನೊಂದು ಮದುವೆ ಆಗಿತ್ತು ಎಂದು ಗೊತ್ತಾಯಿತು ಎಂದಿಟ್ಟುಕೋ. ವರ್ಷ ನೋಡು. ಹಿಂದೂಗಳಲ್ಲಿ ಒಬ್ಬ ಹೆಂಡತಿ ಇರುವಾಗ ಇನ್ನೊಂದು ಮದುವೆಯಾಗುವುದನ್ನು ಮುಂಬೈ ಪ್ರಾಂತ 1946ರಲ್ಲಿ ನಿಷೇಧಿಸಿತು. ದೇಶಕ್ಕೆಲ್ಲ ಅದು 1955ರ ಹಿಂದೂ ವಿವಾಹ ಕಾಯ್ದೆಯಿಂದ ಬಂತು. ಆಯಾ ಕಡೆ ಇಂಥ ಕಾನೂನು ಬರುವ ಮೊದಲು ಆದದ್ದು ಕಾನೂನಿನ ಕಣ್ಣಿನಲ್ಲಿ ಅಪರಾಧ ಆಗಿರಲಿಲ್ಲ. ಆ ಇಬ್ಬರು ಹೆಂಗಸರಿಗೆ ಆದ ನೋವು ಮಾತ್ರ ಕಾನೂನಿಗೆ ಕಾದಿರಲಿಲ್ಲ.

ಅಪ್ಪನ ಹೆಸರಿನ ಜಾಗ ಖಾಲಿ ಇದ್ದು, ಮನೆತನದಲ್ಲಿ ದೇವದಾಸಿಯರು ಇದ್ದರು ಎಂದು ತಿಳಿಯಬಹುದು. ಮುಂಬೈ ಪ್ರಾಂತದಲ್ಲಿ 1934ರಲ್ಲಿ, ಕರ್ನಾಟಕದಲ್ಲಿ 1982ರಲ್ಲಿ ಇದರ ವಿರುದ್ಧ ಕಾನೂನು ಆಯಿತು. ಚಿಕ್ಕ ಹುಡುಗಿಯರನ್ನು ದೇವರ ಹೆಸರಿನಲ್ಲಿ ಬಿಟ್ಟವರು ಬೇರೆಯವರು. ತಪ್ಪು ಅವಳದಲ್ಲ, ನಿನ್ನದೂ ಅಲ್ಲ.

ನಿನ್ನನ್ನೇ ದತ್ತು ತೆಗೆದುಕೊಂಡಿದ್ದಾರೆ ಎಂದು ಗೊತ್ತಾದರೆ ಮೊದಲು ಈಗಿನ ಅಪ್ಪ ಅಮ್ಮನ ಹತ್ತಿರವೇ ಮಾತಾಡು. ಹೆತ್ತವರ ಬೇರು ಹುಡುಕಲು ನಿಯಮಗಳಲ್ಲಿ ದಾರಿ ಇದೆ. 18 ತುಂಬದವರು ಅದನ್ನು ತಂದೆ ತಾಯಿಯ ಜೊತೆ ಸೇರಿಯೇ ಕೇಳಬೇಕು. ಉಗುಳು ಕಳಿಸಿ ಡಿಎನ್‌ಎ ಪರೀಕ್ಷೆ ಮಾಡಿಸುವ ಜಾಹೀರಾತು ನೋಡಿ ಆಸೆಪಡಬೇಡ. ಅದು ನಿನ್ನೊಬ್ಬಳ ಗುಟ್ಟನ್ನು ಮಾತ್ರ ಬಿಚ್ಚುವುದಿಲ್ಲ.

ಹಳೆಯದನ್ನು ಹುಡುಕುವಾಗ ಈಗ ನಡೆಯುತ್ತಿರುವ ಹಿಂಸೆ ಕಣ್ಣಿಗೆ ಬಿದ್ದರೆ, ಅಥವಾ ಕೇಳಿದ್ದಕ್ಕೆ ನಿನಗೇ ಹೊಡೆತ, ಬೆದರಿಕೆ ಬಂದರೆ, 1098ಕ್ಕೆ ಫೋನ್ ಮಾಡು. ಅದು ಮಕ್ಕಳ ಸಹಾಯವಾಣಿ. ದುಡ್ಡು ಬೇಡ, ಹಗಲು ರಾತ್ರಿ ಇರುತ್ತದೆ.

7. ಎರಡು ನೋಟ್‌ಬುಕ್

ಒಂದು ಶಾಲೆಗೆ, ಒಂದು ಮನೆಗೆ. ಶಾಲೆಯದರಲ್ಲಿ ಮನೆಯವರು ಒಪ್ಪಿದ್ದು ಮಾತ್ರ ಬರೆ. ಟೀಚರ್ ಜಾಸ್ತಿ ಕೇಳಿದರೆ "ಮನೆಯಲ್ಲಿ ಇಷ್ಟೇ ಹೇಳಲು ಒಪ್ಪಿದ್ದಾರೆ" ಎಂದು ಹೇಳಿದರೆ ಸಾಕು, ಒಳ್ಳೆಯ ಟೀಚರಿಗೆ ಅರ್ಥವಾಗುತ್ತದೆ. ಮನೆಯದರಲ್ಲಿ ಎಲ್ಲ ಬರೆ. ಯಾವುದನ್ನು ಯಾರು ಹೇಳಿದರು, ಯಾವ ದಿನ ಹೇಳಿದರು, ಯಾವುದು ಕಾಗದದಲ್ಲಿ ಕಂಡದ್ದು, ಯಾವುದು ನಿನ್ನ ಊಹೆ ಎಂದು ಬೇರೆ ಬೇರೆ ಬರೆ. ಊಹೆಯನ್ನು ಪೆನ್ಸಿಲಿನಲ್ಲೇ ಬರೆ.

ಬರೆದದ್ದನ್ನು ಅಜ್ಜಿಗೆ ಓದಿ ಹೇಳು. ಅವರು "ಇದು ತೆಗಿ" ಎಂದರೆ, ಅವರು ಬದುಕಿರುವ ತನಕ ಅದನ್ನು ತೆಗೆದಿಡು. "ಇದು ಹಾಗಲ್ಲ" ಎಂದರೆ ಇನ್ನೂ ಒಳ್ಳೆಯದು, ಅಲ್ಲಿಂದ ಕಥೆ ಶುರುವಾಗುತ್ತದೆ.

ವಂಶವೃಕ್ಷದಲ್ಲಿ ಗೊತ್ತಿಲ್ಲದವರಿಗೂ ಒಂದು ಖಾಲಿ ಚೌಕ ಬಿಡು. ನಮ್ಮ ಮನೆಯದರಲ್ಲಿ ಆ ದೊಡ್ಡಮ್ಮನ ಹೆಸರು ಈಗ ಅಜ್ಜನ ಹೆಸರಿನ ಒಂದು ಪಕ್ಕದಲ್ಲಿದೆ, ಅಜ್ಜಿಯದು ಇನ್ನೊಂದು ಪಕ್ಕದಲ್ಲಿ. ದೊಡ್ಡಮ್ಮ ಹುಟ್ಟಿದ ವರ್ಷದ ಜಾಗ ಇನ್ನೂ ಖಾಲಿ ಇದೆ. ಅವರು ಓದಿದ ಶಾಲೆ ಇಲ್ಲ, ಹುಡುಕಲು ರಿಜಿಸ್ಟರ್ ಇಲ್ಲ. ರಸೀದಿಗಳ ಕಟ್ಟನ್ನು ಮೊದಲಿದ್ದ ದಾರದಲ್ಲೇ ಕಟ್ಟಿ ಇಟ್ಟಿದ್ದೇನೆ.